ಖಾತೆ ಪುಸ್ತಕ ಯಾರ ಕೈಯಲ್ಲಿ?

ಮೊಬೈಲಿನಲ್ಲಿ ಹಣ ಹರಿದಾಡಿದ ಮಾತ್ರಕ್ಕೆ ಅಧಿಕಾರ ಹಂಚಿಹೋಗುವುದಿಲ್ಲ. ಕೊಟ್ಟೂರಿನ ಶೇಂಗಾ, ಹರಪನಹಳ್ಳಿಯ ಮೆಕ್ಕೆಜೋಳ, ಹಡಗಲಿಯ ಮಲ್ಲಿಗೆಯ ಲೆಕ್ಕವನ್ನು ಬರೆಯುವವರು ಯಾರು? ಬರೆದದ್ದನ್ನು ತಾಳೆ ನೋಡುವ ಹಕ್ಕು ಯಾರಿಗಿದೆ? ಗೂಢಲಿಪಿಶಾಸ್ತ್ರ ಈ ಪ್ರಶ್ನೆಗೆ ಗಣಿತದ ಉತ್ತರವೊಂದನ್ನು ಕೊಡುತ್ತದೆ.

ನವೆಂಬರ್ ಬಂತೆಂದರೆ ಕೊಟ್ಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಬರಿನೆಲ ಕಾಣುವುದೇ ಕಷ್ಟ. ಕೂಡ್ಲಿಗಿಯ ಕೆಂಪು ಮಣ್ಣಿನಲ್ಲಿ ಬೆಳೆದ ಶೇಂಗಾ, ಸುತ್ತಲಿನ ಮಳೆಯಾಶ್ರಿತ ಹೊಲಗಳ ಮೆಕ್ಕೆಜೋಳ ದಲಾಲಿ ಅಂಗಡಿಗಳ ಮುಂದೆ ರಾಶಿರಾಶಿಯಾಗಿ ಸುರಿದಿರುತ್ತವೆ. ಟ್ರ್ಯಾಕ್ಟರುಗಳ ನಡುವೆ ಹಮಾಲರು ಚೀಲ ಹೊತ್ತು ದಾರಿ ಮಾಡಿಕೊಳ್ಳುತ್ತಾರೆ. ವರ್ತಕರು ಒಂದು ಹಿಡಿ ಕಾಳೆತ್ತಿ ಅಂಗೈಯಲ್ಲಿ ಉಜ್ಜಿ, ಶೇಂಗಾ ಒಡೆದು ಬೀಜ ಕಚ್ಚಿ ನೋಡಿ, ಏನೂ ಹೇಳದೆ ಮುಂದಿನ ರಾಶಿಗೆ ಸಾಗುತ್ತಾರೆ.

ದರ ಅವರ ಬಾಯಿಂದ ಹೊರಬೀಳುವುದಿಲ್ಲ, ಏಕೆಂದರೆ ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆಯಿದ್ದು, ಆ ಸಂಖ್ಯೆಯ ಎದುರು ವರ್ತಕರು ತಮ್ಮ ದರವನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ನಮೂದಿಸಬೇಕು. ಗೊತ್ತುಪಡಿಸಿದ ಹೊತ್ತಿಗೆ ಟೆಂಡರ್ ಮುಚ್ಚುತ್ತದೆ, ಹೆಚ್ಚಿನ ದರ ಹಾಕಿದವರ ಹೆಸರು ಪ್ರಕಟವಾಗುತ್ತದೆ, ರೈತನು ಒಪ್ಪಿದರೆ ತೂಕವಾಗಿ ಪಟ್ಟಿ ಕೈಗೆ ಬರುತ್ತದೆ.

ಈ ಇ-ಟೆಂಡರ್ ಪದ್ಧತಿಗೆ ಹತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಕರ್ನಾಟಕ ಸರ್ಕಾರವು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್‌ನೊಡನೆ ಸೇರಿ ಸ್ಥಾಪಿಸಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು; ಎರಡು ವರ್ಷಗಳ ಬಳಿಕ ಕೇಂದ್ರ ಸರ್ಕಾರ ಇ-ನಾಮ್ ಹೆಸರಿನಲ್ಲಿ ಅದೇ ದಾರಿ ಹಿಡಿಯಿತು.

ಇದರಿಂದ ರೈತರಿಗೆ ಲಾಭವಾಗಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವೇದಿಕೆಯಿಂದಾಗಿ ರಾಜ್ಯದ ಮಾರುಕಟ್ಟೆಗಳಲ್ಲಿ ಭತ್ತದ ದರ ಶೇ 5ರಷ್ಟು, ಶೇಂಗಾ ಮತ್ತು ಮೆಕ್ಕೆಜೋಳದ ದರ ಶೇ 3.5ರ ಆಸುಪಾಸಿನಲ್ಲಿ ಏರಿದುದನ್ನು ಲೆಕ್ಕಹಾಕಿ ತೋರಿಸಿತು. ಕೊಟ್ಟೂರು, ಹರಪನಹಳ್ಳಿಗಳ ಮಟ್ಟಿಗೆ ಈ ಎರಡು ಬೆಳೆಗಳೆಂದರೆ ವರ್ಷದ ಬದುಕು. ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ ಐವತ್ತು-ಅರವತ್ತು ರೂಪಾಯಿ ಹೆಚ್ಚು ಸಿಗುವುದೂ ಸಣ್ಣ ಸಂಗತಿಯಲ್ಲ.

ಆದರೂ ಒಂದು ಅನುಮಾನ ಉಳಿದೇ ಇದೆ. ಟೆಂಡರ್ ಮುಚ್ಚುವ ಮೊದಲೇ ಒಬ್ಬರ ದರ ಇನ್ನೊಬ್ಬರಿಗೆ ತಿಳಿಯಲಿಲ್ಲವೆಂದು, ಮುಚ್ಚಿದ ಮೇಲೆ ಯಾವ ಅಂಕಿಯೂ ಬದಲಾಗಲಿಲ್ಲವೆಂದು ರಾಶಿಯ ಪಕ್ಕದಲ್ಲಿ ಕುಳಿತ ರೈತನಿಗೆ ತಿಳಿಯುವುದು ಹೇಗೆ? ತೆರೆಯ ಮೇಲೆ ಮೂಡುವ ಅಂಕಿಯನ್ನು ಅವನು ನಂಬಬಹುದು, ಪರೀಕ್ಷಿಸಲಾರ. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ದಿಢೀರನೆ ಕುಸಿದಾಗ ಸಿಟ್ಟಿಗೆದ್ದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಹಿಂಸೆಗೆ ಸಮರ್ಥನೆಯಿಲ್ಲ. ಆದರೆ ದರ ಹೇಗೆ ನಿಗದಿಯಾಯಿತೆಂಬುದನ್ನು ತಾವೇ ಕಂಡುಕೊಳ್ಳುವ ದಾರಿಯಿಲ್ಲದ ಜನರ ಅಸಹಾಯಕತೆ ಆ ದಿನ ಎಲ್ಲರ ಕಣ್ಣಿಗೂ ಬಿತ್ತು.

ತಾಮ್ರಪಟದಿಂದ ಪಹಣಿಯವರೆಗೆ

ಲೆಕ್ಕ ಇಡುವವನ ಅಧಿಕಾರ ಈ ನೆಲಕ್ಕೆ ಹೊಸದಲ್ಲ. ಹಿರೇಹಡಗಲಿಯಲ್ಲಿ ದೊರೆತ, ಸುಮಾರು 4ನೇ ಶತಮಾನದ ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಒಂದು ದಾನವನ್ನು ಸ್ಥಿರಪಡಿಸುವ ದಾಖಲೆಗಳು. ತಾಮ್ರದ ಹಲಗೆಗಳನ್ನು ಉಂಗುರದಲ್ಲಿ ಪೋಣಿಸಿ ಅದಕ್ಕೆ ರಾಜಮುದ್ರೆ ಒತ್ತುತ್ತಿದ್ದ ಆ ಕಾಲದ ಪದ್ಧತಿಯ ಹಿಂದಿನ ತಿಳಿವಳಿಕೆ ಸ್ಪಷ್ಟವಾಗಿತ್ತು: ದಾಖಲೆಯು ಅರಮನೆಯಲ್ಲಲ್ಲ, ಹಕ್ಕು ಪಡೆದವನ ಮನೆಯಲ್ಲಿರಬೇಕು ಮತ್ತು ಅದು ನಿಜವೆಂದು ಯಾರು ಬೇಕಾದರೂ ಗುರುತಿಸುವಂತಿರಬೇಕು.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಗಾರರ ಅಧಿಕಾರವನ್ನು ಕಳಚಿ, ಪ್ರತಿ ರೈತನೂ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ಪದ್ಧತಿಗೆ ಅಡಿಪಾಯ ಹಾಕಿದನು. ಮಧ್ಯವರ್ತಿಯನ್ನು ತೆಗೆದುಹಾಕುವ ಈ ಯತ್ನದಿಂದ ರೈತನ ಹೆಸರಿಗೆ ಪಟ್ಟಾ ಬಂತು. ಆದರೆ ಊರಿನ ಲೆಕ್ಕದ ಪುಸ್ತಕ ಕರಣಂ, ಶಾನುಭೋಗರ ಬಳಿಯೇ ಉಳಿಯಿತು, ಪುಸ್ತಕದೊಡನೆ ಅಧಿಕಾರವೂ ಉಳಿಯಿತು.

ಇಪ್ಪತ್ತೊಂದನೇ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಅದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. ಗ್ರಾಮ ಲೆಕ್ಕಾಧಿಕಾರಿಯ ಮರ್ಜಿ ತಪ್ಪಿತು, ಅದು ದೊಡ್ಡ ಬಿಡುಗಡೆಯೇ ಸರಿ. ಆದರೆ ದಾಖಲೆ ತಿದ್ದುವ ಅಧಿಕಾರ ಊರಿನಿಂದ ತಾಲ್ಲೂಕು ಕಚೇರಿಗೆ ಸರಿಯಿತೇ ಹೊರತು ರೈತನ ಕಡೆಗೆ ಬರಲಿಲ್ಲ. ಗಣಕೀಕರಣ ಬೇರೆ, ವಿಕೇಂದ್ರೀಕರಣ ಬೇರೆ. ಇವೆರಡನ್ನು ಒಂದೇ ಎಂದು ಭಾವಿಸಿದ್ದರಿಂದಲೇ ಕಳೆದ ಎರಡು ದಶಕಗಳ ಹಲವು ಸುಧಾರಣೆಗಳು ಅರ್ಧ ದಾರಿಯಲ್ಲಿ ನಿಂತಿವೆ.

ಚೌಕಟ್ಟು: ಜೋಡಿ ಕೀಲಿಗಳ ಲೆಕ್ಕ
1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದ ಪ್ರಬಂಧ ಗೂಢಲಿಪಿಯನ್ನು ಸೇನೆ ಮತ್ತು ರಾಯಭಾರ ಕಚೇರಿಗಳ ಸೊತ್ತಾಗಿ ಉಳಿಯಗೊಡಲಿಲ್ಲ. ಪ್ರತಿಯೊಬ್ಬರಿಗೂ ಗಣಿತದಿಂದ ಬೆಸೆದ ಎರಡು ದೊಡ್ಡ ಸಂಖ್ಯೆಗಳಿರುತ್ತವೆ: ಒಂದು ಎಲ್ಲರಿಗೂ ಕೊಡಬಹುದಾದ ಬಹಿರಂಗ ಕೀಲಿ, ಇನ್ನೊಂದು ಯಾರಿಗೂ ಕೊಡಬಾರದ ಗುಪ್ತ ಕೀಲಿ. ಗುಪ್ತ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರಾದರೂ ಪರೀಕ್ಷಿಸಬಹುದು. ದಾಖಲೆಯಲ್ಲಿ ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ಸಹಿಗೆ ಕಾನೂನಿನ ಮಾನ್ಯತೆ ನೀಡಿತು. ಆನ್‌ಲೈನಿನಲ್ಲಿ ಪಡೆಯುವ ಪಹಣಿಯ ಮೇಲಿರುವುದು ಇಂಥ ಸಹಿಯೇ.

ಮುಚ್ಚಿದ ದರ, ತೆರೆದ ಪುರಾವೆ

ಕೊಟ್ಟೂರಿನ ಟೆಂಡರಿನ ಪ್ರಶ್ನೆಗೆ ಗೂಢಲಿಪಿಶಾಸ್ತ್ರದ ಬಳಿ ಇರುವ ಉತ್ತರ ಸರಳವಾದುದು. ಹ್ಯಾಶ್ ಎಂಬ ಗಣಿತಕ್ರಿಯೆ ಎಷ್ಟೇ ಉದ್ದದ ಬರಹವನ್ನಾದರೂ ಒಂದು ನಿಶ್ಚಿತ ಉದ್ದದ ಅಕ್ಷರಮಾಲೆಯಾಗಿ ಪರಿವರ್ತಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಶಾ-256 ಕ್ರಮದಲ್ಲಿ ಅದು 64 ಅಂಕಿ-ಅಕ್ಷರಗಳ ಸಾಲಾಗಿ ಕಾಣುತ್ತದೆ. ಬರಹದಿಂದ ಆ ಸಾಲನ್ನು ಕ್ಷಣದಲ್ಲಿ ಪಡೆಯಬಹುದು, ಆದರೆ ಸಾಲನ್ನು ಹಿಡಿದು ಬರಹಕ್ಕೆ ಹಿಂತಿರುಗುವುದು ಇಂದಿನ ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ.

ವರ್ತಕನು ತನ್ನ ದರದ ಜೊತೆಗೆ ತನಗೆ ಮಾತ್ರ ತಿಳಿದ ಒಂದು ಉದ್ದನೆಯ ಯಾದೃಚ್ಛಿಕ ಸಂಖ್ಯೆಯನ್ನು ಸೇರಿಸಿ ಅದರ ಹ್ಯಾಶನ್ನು ಮಾತ್ರ ಟೆಂಡರಿಗೆ ಸಲ್ಲಿಸುತ್ತಾನೆಂದು ಇಟ್ಟುಕೊಳ್ಳೋಣ. ಆ ಸಂಖ್ಯೆ ಬೇಕೇ ಬೇಕು, ಏಕೆಂದರೆ ಮೆಕ್ಕೆಜೋಳದ ದರ ಯಾವ ಮಿತಿಯೊಳಗಿದೆಯೆಂದು ಎಲ್ಲರಿಗೂ ಗೊತ್ತಿರುವುದರಿಂದ ಬರಿಯ ದರದ ಹ್ಯಾಶನ್ನು ಒಂದೊಂದೇ ಅಂಕಿ ಹಾಕಿ ನೋಡಿ ಕಂಡುಹಿಡಿದುಬಿಡಬಹುದು. ಟೆಂಡರ್ ಮುಚ್ಚುವವರೆಗೆ ಈ ಸಾಲುಗಳು ಮಾರುಕಟ್ಟೆಯ ಫಲಕದ ಮೇಲೆ ಎಲ್ಲರಿಗೂ ಕಾಣುತ್ತಿರುತ್ತವೆ, ದರ ಮಾತ್ರ ಯಾರಿಗೂ ಕಾಣುವುದಿಲ್ಲ. ಸರ್ವರ್ ನೋಡಿಕೊಳ್ಳುವ ಸಂಸ್ಥೆಗೂ, ಮಾರುಕಟ್ಟೆಯ ಕಾರ್ಯದರ್ಶಿಗೂ ಕಾಣುವುದಿಲ್ಲ.

ಮುಚ್ಚಿದ ಮೇಲೆ ವರ್ತಕರು ತಮ್ಮ ದರವನ್ನೂ ಸಂಖ್ಯೆಯನ್ನೂ ಬಿಚ್ಚಿಡಬೇಕು, ಬಿಚ್ಚಿಡದವರ ಠೇವಣಿ ಹೋಗಬೇಕು. ಬಿಚ್ಚಿದ ದರಕ್ಕೂ ಮೊದಲು ಪ್ರಕಟವಾದ ಸಾಲಿಗೂ ಹೊಂದಾಣಿಕೆಯಿದೆಯೇ ಎಂದು ಪಿಯುಸಿ ಓದುವ ರೈತನ ಮಗಳು ತನ್ನ ಫೋನಿನಲ್ಲೇ ತಾಳೆ ನೋಡಬಹುದು. ನಂಬುವುದು ಬಿಡುವುದು ಆಗ ಬೇರೆಯವರ ಮರ್ಜಿಯಲ್ಲ. ಇದಕ್ಕೆ ಹೊಸ ನಾಣ್ಯ ಬೇಡ, ದೊಡ್ಡ ಯಂತ್ರ ಬೇಡ, ಈಗಿರುವ ತಂತ್ರಾಂಶಕ್ಕೆ ಕೆಲವು ಸಾಲುಗಳ ಸೇರ್ಪಡೆ ಸಾಕು.

ಇದಕ್ಕಿಂತ ಮುಂದೆ ಹೋದ ರೈತರೂ ಇದ್ದಾರೆ. ಡೆನ್ಮಾರ್ಕಿನಲ್ಲಿ 2008ರ ಹೊತ್ತಿಗೆ ಸಕ್ಕರೆ ಬೀಟ್ ಕೊಳ್ಳುವ ಕಂಪನಿ ಒಂದೇ ಇತ್ತು, ಡ್ಯಾನಿಸ್ಕೊ. ಅದಕ್ಕೆ ಗಡ್ಡೆ ಪೂರೈಸುವ ಗುತ್ತಿಗೆಗಳನ್ನು ಬೆಳೆಗಾರರು ತಮ್ಮೊಳಗೆ ಕೊಟ್ಟುಕೊಳ್ಳಲು ಒಂದು ಹರಾಜು ಬೇಕಾಗಿತ್ತು. ಯಾವ ದರಕ್ಕೆ ಎಷ್ಟು ಮಾರಲು ಸಿದ್ಧನೆಂದು ರೈತ ಹೇಳಿದರೆ ಅವನ ಖರ್ಚು, ಅವನ ಕಷ್ಟ ಎಲ್ಲವೂ ಬಯಲಾದಂತೆ. ಆ ಗುಟ್ಟು ಕಂಪನಿಗೆ ತಿಳಿದರೆ ಮುಂದಿನ ಚೌಕಾಸಿಯಲ್ಲಿ ರೈತನ ಕೈ ಕಟ್ಟಿಹೋಗುತ್ತದೆ. ಹರಾಜನ್ನು ಕಂಪನಿ ನಡೆಸುವುದು ರೈತರಿಗೆ ಬೇಡವಾಗಿತ್ತು. ರೈತರ ಸಂಘವೊಂದೇ ನಡೆಸುವುದು ಕಂಪನಿಗೆ ಒಪ್ಪಿಗೆಯಾಗುವಂತಿರಲಿಲ್ಲ.

2008ರ ಜನವರಿಯಲ್ಲಿ ಗೂಢಲಿಪಿತಜ್ಞರು ಅದಕ್ಕೆ ಪರಿಹಾರ ಕೊಟ್ಟರು. ಸುಮಾರು 1,200 ರೈತರ ಪ್ರತಿ ಬೆಲೆಯನ್ನೂ, ಒಂಟಿಯಾಗಿ ನೋಡಿದರೆ ಅರ್ಥವೇ ಇಲ್ಲದ ಮೂರು ತುಣುಕುಗಳಾಗಿ ಒಡೆಯಲಾಯಿತು. ಒಂದನ್ನು ಕಂಪನಿಯ ಕಂಪ್ಯೂಟರು, ಇನ್ನೊಂದನ್ನು ಬೆಳೆಗಾರರ ಸಂಘದ ಕಂಪ್ಯೂಟರು, ಮೂರನೆಯದನ್ನು ಸಂಶೋಧಕರ ಕಂಪ್ಯೂಟರು ಇಟ್ಟುಕೊಂಡವು. ಮೂರೂ ಸೇರಿ ತುಣುಕುಗಳ ಮೇಲೆಯೇ ಲೆಕ್ಕ ನಡೆಸಿ ಮಾರುಕಟ್ಟೆ ದರವನ್ನು ಹೊರತೆಗೆದವು. ಒಬ್ಬ ರೈತನ ಬೆಲೆಯೂ ಯಾರ ಕಣ್ಣಿಗೂ ಬೀಳದೆ ಸುಮಾರು 25,000 ಟನ್ ಗಡ್ಡೆಯ ಹಕ್ಕು ಕೈಬದಲಾಯಿಸಿತು. ಬಹುಪಕ್ಷೀಯ ಸುರಕ್ಷಿತ ಗಣನೆ ಎಂಬ ಈ ವಿದ್ಯೆಯ ಮೊದಲ ದೊಡ್ಡ ಬಳಕೆ ನಡೆದದ್ದು ರೈತರ ಹರಾಜಿನಲ್ಲಿ ಎಂಬುದನ್ನು ಬ್ಯಾಂಕುಗಳ ಸುದ್ದಿಯಲ್ಲೇ ಮುಳುಗಿರುವ ತಂತ್ರಜ್ಞಾನದ ಚರ್ಚೆ ಮರೆತಿದೆ, ಮರೆಯಬಾರದಾಗಿತ್ತು.

ಹಣ ಮಾತಾಡುವ ಡಬ್ಬಿ

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ ದೇಶದಲ್ಲಿ ಚಲಾವಣೆಯಲ್ಲಿದ್ದ ನಗದಿನ ಮೌಲ್ಯದಲ್ಲಿ ಶೇ 86ರಷ್ಟು ಒಮ್ಮೆಲೇ ಹಿಂದೆ ಸರಿಯಿತು. ಅದು ಸುಗ್ಗಿಯ ಹೊತ್ತು. ನಗದನ್ನೇ ನೆಚ್ಚಿದ್ದ ಕೃಷಿ ಮಾರುಕಟ್ಟೆಗಳಿಗೆ ಆ ಪೆಟ್ಟು ನೇರವಾಗಿ ತಾಗಿತು. ಅದೇ ವರ್ಷ ಆರಂಭವಾಗಿದ್ದ ಯುಪಿಐ ಬರಬರುತ್ತಾ ಸಂತೆಯ ಸೊಪ್ಪಿನ ಬುಟ್ಟಿಗೂ ಬಂತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಾದ್ಯಂತ 2,000 ಕೋಟಿಗೂ ಹೆಚ್ಚು ಯುಪಿಐ ವಹಿವಾಟುಗಳು ನಡೆದವು.

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳಿಗೆ ಅದರಿಂದಾದ ಉಪಕಾರ ದೊಡ್ಡದು. ಮಳೆ ಕೈಕೊಟ್ಟಾಗ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ದುಡಿಯಲು ಹೋಗುವ ಕೂಡ್ಲಿಗಿ, ಹರಪನಹಳ್ಳಿಯ ಕುಟುಂಬಗಳು ಊರಿನ ಹಿರಿಯರಿಗೆ ಹಣ ಕಳಿಸಲು ಈಗ ಯಾರ ಕೈಯನ್ನೂ ಕಾಯಬೇಕಿಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಸೇರುವುದು ಮನೆಯೊಳಗಿನ ಆರ್ಥಿಕ ಅಧಿಕಾರವನ್ನು ಹಂಚಿದ ಕ್ರಮ. ಅದನ್ನು ವಿಕೇಂದ್ರೀಕರಣವೆಂದೇ ಕರೆಯಬೇಕು.

ಆದರೆ ಹಣದ ದಾರಿ ಹಂಚಿಹೋದಂತೆ ಲೆಕ್ಕದ ಪುಸ್ತಕ ಹಂಚಿಹೋಗಲಿಲ್ಲ. ಯುಪಿಐ ವಹಿವಾಟುಗಳಲ್ಲಿ ಶೇ 80ಕ್ಕೂ ಹೆಚ್ಚು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳ ಮೂಲಕ ಸಾಗುತ್ತವೆ; ಒಂದು ಆ್ಯಪ್‌ನ ಪಾಲು ಶೇ 30 ಮೀರಬಾರದೆಂದು ರಾಷ್ಟ್ರೀಯ ಪಾವತಿ ನಿಗಮ 2020ರಲ್ಲೇ ನಿಯಮ ಮಾಡಿದರೂ ಅದರ ಗಡುವು 2026ರ ಕೊನೆಯವರೆಗೆ ಮುಂದೆ ಹೋಗಿದೆ.

ಕೇಂದ್ರದಲ್ಲಿ ಕೂಡಿಟ್ಟ ಲೆಕ್ಕದ ಬಲ 2025ರ ಜುಲೈನಲ್ಲಿ ಗೊತ್ತಾಯಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷಗಳ ಯುಪಿಐ ಜಮೆಯನ್ನು ಪರಿಶೀಲಿಸಿ, ಸರಕು ಮಾರುವವರಿಗೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿಯ ವಾರ್ಷಿಕ ಮಿತಿ ಮೀರಿದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ಅದು ತಲುಪಿತು, ಹಡಗಲಿಯ ಹೊಳೆಯಾಚೆಯ ಹಾವೇರಿಗೂ ತಲುಪಿತು. ಬೇಕರಿ, ಬೀಡಾ ಅಂಗಡಿಗಳ ಮುಂದೆ ಸ್ಕ್ಯಾನರ್ ತೆಗೆದು ನಗದು ಮಾತ್ರವೆಂಬ ಫಲಕ ತೂಗಿದವು; ತೆರಿಗೆ ವಿನಾಯಿತಿಯುಳ್ಳ ಸರಕಿನವರ ನೋಟಿಸ್ ಕೈಬಿಡುವುದಾಗಿ ಜುಲೈ 23ರಂದು ಮುಖ್ಯಮಂತ್ರಿ ಪ್ರಕಟಿಸಿದ ಮೇಲೆಯೇ ಗದ್ದಲ ತಗ್ಗಿತು.

ತೆರಿಗೆ ಕೇಳುವುದು ಸರ್ಕಾರದ ಹಕ್ಕು, ಅದನ್ನು ಅಲ್ಲಗಳೆಯಲಾಗದು. ತೊಂದರೆಯಿರುವುದು ಬೇರೆಡೆ: ಅಣ್ಣನಿಂದ ಬಂದ ಕೈಗಡ, ಸಂಘದ ಚೀಟಿ ಹಣ, ಮಾಲಿನ ಮಾರಾಟ ಎಲ್ಲವೂ ಒಂದೇ ಖಾತೆಯಲ್ಲಿ ಜಮೆಯಾಗಿ ಒಂದೇ ಬಣ್ಣದಲ್ಲಿ ಕಾಣುವ ಪದ್ಧತಿಯಲ್ಲಿ, ಯಾವುದನ್ನು ತೋರಿಸಬೇಕು ಯಾವುದನ್ನು ತೋರಿಸಬೇಕಿಲ್ಲ ಎಂಬ ಆಯ್ಕೆ ವ್ಯಾಪಾರಿಗಿಲ್ಲ, ಕೊಂಡವನಿಗೂ ಇಲ್ಲ.

ಈ ಅಪಾಯವನ್ನು ಬಹಳ ಮೊದಲೇ ಕಂಡವನು ಅಮೆರಿಕದ ಡೇವಿಡ್ ಚೌಮ್. ಡಿಜಿಟಲ್ ಹಣ ಬಂದರೆ ಪ್ರತಿಯೊಬ್ಬನ ದಿನಚರಿಯೂ ಬ್ಯಾಂಕಿನ ಕಡತವಾಗುತ್ತದೆಂದು 1980ರ ದಶಕದ ಆರಂಭದಲ್ಲೇ ಎಚ್ಚರಿಸಿದ ಅವನು, ಕಾಣದೆ ಹಾಕುವ ಸಹಿ ಎಂಬ ಉಪಾಯವನ್ನು ಮುಂದಿಟ್ಟನು. ಒಳಗೆ ಕಾರ್ಬನ್ ಕಾಗದವಿಟ್ಟ ಲಕೋಟೆಯ ಮೇಲೆ ಬ್ಯಾಂಕು ಸಹಿ ಹಾಕಿದರೆ ಸಹಿಯ ಅಚ್ಚು ಒಳಗಿನ ಚೀಟಿಯ ಮೇಲೆ ಬೀಳುತ್ತದೆ, ಚೀಟಿಯ ಸಂಖ್ಯೆ ಮಾತ್ರ ಬ್ಯಾಂಕಿಗೆ ಕಾಣುವುದಿಲ್ಲ. ಆ ಚೀಟಿ ಅಂಗಡಿಯ ಮೂಲಕ ಮರಳಿ ಬ್ಯಾಂಕಿಗೆ ಬಂದಾಗ ಸಹಿ ತನ್ನದೇ ಎಂದು ಬ್ಯಾಂಕು ಗುರುತಿಸಿ ಹಣ ಕೊಡುತ್ತದೆ, ಆದರೆ ಅದನ್ನು ಯಾರಿಗೆ ಕೊಟ್ಟಿದ್ದೆನೆಂದು ಹೇಳಲಾರದು. ಲಕೋಟೆಯ ಈ ಕೆಲಸವನ್ನು ಚೌಮ್ ಗಣಿತದಿಂದ ಮಾಡಿಸಿದನು.

1989ರಲ್ಲಿ ಅವನು ಆಮ್‌ಸ್ಟರ್‌ಡ್ಯಾಮಿನಲ್ಲಿ ಕಟ್ಟಿದ ಡಿಜಿಕ್ಯಾಶ್ ಕಂಪನಿ 1998ರಲ್ಲಿ ದಿವಾಳಿಯಾಯಿತು. ವಿದ್ಯೆ ಮಾತ್ರ ಉಳಿಯಿತು. ಅದನ್ನೇ ಆಧರಿಸಿದ ಗ್ನೂ ಟೇಲರ್ ಎಂಬ ಮುಕ್ತ ತಂತ್ರಾಂಶದಲ್ಲಿ ಮಾರುವವನ ಆದಾಯ ತೆರಿಗೆ ಲೆಕ್ಕಕ್ಕೆ ಸಿಗುತ್ತದೆ, ಕೊಳ್ಳುವವನ ಗುರುತು ಯಾರಿಗೂ ಸಿಗುವುದಿಲ್ಲ. ತೆರಿಗೆಯೂ ಸಲ್ಲಬೇಕು, ಬಡವನ ಬದುಕು ಕಡತವಾಗಲೂ ಬಾರದು ಎನ್ನುವವರಿಗೆ ಬಿಟ್‌ಕಾಯಿನ್‌ಗಿಂತ ಈ ದಾರಿ ಹೆಚ್ಚು ಪ್ರಯೋಜನಕರವಾದುದು.

ಬಿಟ್‌ಕಾಯಿನ್ ಹೇಳಿದ್ದೇನು, ಮಾಡಿದ್ದೇನು

2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಒಂಬತ್ತು ಪುಟಗಳ ಪ್ರಬಂಧ ಬ್ಯಾಂಕೇ ಇಲ್ಲದ ಹಣವೊಂದರ ನಕ್ಷೆಯನ್ನು ಕೊಟ್ಟಿತು. ಡಿಜಿಟಲ್ ವಸ್ತುವನ್ನು ಎಷ್ಟು ಸಲವಾದರೂ ನಕಲು ಮಾಡಬಹುದಾದ್ದರಿಂದ ಒಂದೇ ನಾಣ್ಯವನ್ನು ಇಬ್ಬರಿಗೆ ಕೊಡದಂತೆ ತಡೆಯಲು ಅಲ್ಲಿಯವರೆಗೆ ಮಧ್ಯದಲ್ಲೊಂದು ಬ್ಯಾಂಕು ಬೇಕಾಗಿತ್ತು. ನಕಮೊಟೊ ಆ ಖಾತೆ ಪುಸ್ತಕದ ಪ್ರತಿಯನ್ನು ಜಾಲದ ಎಲ್ಲರಿಗೂ ಕೊಟ್ಟು, ಹೊಸ ಪುಟ ಸೇರಿಸುವ ಸರದಿಯನ್ನು ಕಷ್ಟದ ಲೆಕ್ಕವೊಂದನ್ನು ಬಿಡಿಸಿದ ಕಂಪ್ಯೂಟರಿಗೆ ಬಿಟ್ಟನು. ಪ್ರತಿ ಪುಟದಲ್ಲೂ ಹಿಂದಿನ ಪುಟದ ಹ್ಯಾಶ್ ಇರುವುದರಿಂದ ಹಳೆಯದೊಂದನ್ನು ತಿದ್ದಿದರೆ ಮುಂದಿನದೆಲ್ಲ ಸುಳ್ಳಾಗುತ್ತದೆ; ಹೀಗೆ ಹೆಣೆದ ಪುಸ್ತಕವೇ ಬ್ಲಾಕ್‌ಚೈನ್. ನಾಣ್ಯಗಳ ಒಟ್ಟು ಸಂಖ್ಯೆ 2.1 ಕೋಟಿ ಮೀರದು.

ಕರ್ನಾಟಕಕ್ಕೆ ಇದು ಬೇಗನೆ ಬಂತು. ದೇಶದ ಮೊದಲ ಬಿಟ್‌ಕಾಯಿನ್ ಕಂಪನಿಗಳಲ್ಲಿ ಒಂದಾದ ಯುನೋಕಾಯಿನ್ 2013ರಲ್ಲಿ ಹುಟ್ಟಿದ್ದು ತುಮಕೂರಿನಲ್ಲಿ. ಬ್ಯಾಂಕುಗಳು ಇಂಥ ವಹಿವಾಟಿಗೆ ಸೇವೆ ನೀಡಬಾರದೆಂದು 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯನ್ನು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. 2022ರಿಂದ ಲಾಭದ ಮೇಲೆ ಶೇ 30ರ ತೆರಿಗೆ, ಪ್ರತಿ ವರ್ಗಾವಣೆಯ ಮೇಲೆ ಶೇ 1ರ ಮೂಲ ಕಡಿತ ಜಾರಿಯಲ್ಲಿವೆ.

ಆದರೆ ಹಗರಿಬೊಮ್ಮನಹಳ್ಳಿಯ ಕಿರಾಣಿ ಅಂಗಡಿಗೆ ಬಿಟ್‌ಕಾಯಿನ್ ಹಣವಾಗಲಾರದು. 2021ರ ನವೆಂಬರ್‌ನಲ್ಲಿ 69,000 ಡಾಲರ್ ಸಮೀಪಿಸಿದ ಅದರ ಬೆಲೆ ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಇಳಿಯಿತು. ಇಷ್ಟು ಏರಿಳಿತವಿರುವ ವಸ್ತುವಿನಲ್ಲಿ ಬೀಜ-ಗೊಬ್ಬರದ ಉದ್ರಿಯನ್ನು ಬರೆದಿಡಲು ಯಾರೂ ಮುಂದಾಗುವುದಿಲ್ಲ. ಹಂಚಿಹೋಗಬೇಕಾಗಿದ್ದ ಗಣನೆಯ ಬಲವೂ, ಆ ಕಷ್ಟದ ಲೆಕ್ಕ ಬಿಡಿಸುವ ‘ಗಣಿಗಾರಿಕೆ’ಯ ಕೆಲವೇ ದೊಡ್ಡ ಕೂಟಗಳಲ್ಲಿ ಕೇಂದ್ರೀಕೃತವಾಗಿದೆ. ಬಿಟ್‌ಕಾಯಿನ್‌ನಿಂದ ಕಲಿಯಬೇಕಾದುದು ನಾಣ್ಯವನ್ನಲ್ಲ, ಎಲ್ಲರೂ ಪರೀಕ್ಷಿಸಬಹುದಾದ ಪುಸ್ತಕವನ್ನು.

ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿ ಇದಕ್ಕೆ ತದ್ವಿರುದ್ಧ ತುದಿ. 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿ ನಾಲ್ಕು ನಗರಗಳಲ್ಲಿ ಜನಸಾಮಾನ್ಯರ ಬಳಕೆಗೆ ಪ್ರಾಯೋಗಿಕವಾಗಿ ಬಂದ ಈ ಹಣವನ್ನು ಇಂಥ ಉದ್ದೇಶಕ್ಕೆ ಮಾತ್ರ ಖರ್ಚಾಗುವಂತೆ ಕಟ್ಟುಪಾಡಿಗೆ ಒಳಪಡಿಸುವ, ನೆಟ್‌ವರ್ಕ್ ಇಲ್ಲದೆಡೆಯೂ ನಡೆಸುವ ಯೋಜನೆಗಳನ್ನು 2024ರ ಫೆಬ್ರುವರಿಯಲ್ಲಿ ಬ್ಯಾಂಕು ಪ್ರಕಟಿಸಿತು. ನೆಟ್‌ವರ್ಕ್ ಸಿಗದ ಗುಡೇಕೋಟೆಯ ಗುಡ್ಡಗಾಡಿಗೆ ಎರಡನೆಯದು ವರವಾಗಬಹುದು. ಮೊದಲನೆಯದರ ಬಗ್ಗೆ ಎಚ್ಚರ ಬೇಕು: ಬೆಳೆಸಾಲದ ಹಣ ಎಲ್ಲಿ, ಯಾವ ಅಂಗಡಿಯಲ್ಲಿ, ಯಾವ ದಿನದೊಳಗೆ ಖರ್ಚಾಗಬೇಕೆಂದು ದೂರದ ಕಚೇರಿಯೊಂದು ಹಣದೊಳಗೇ ಬರೆದಿಡಬಹುದಾದರೆ, ಗ್ರಾಮಕ್ಕೆ ಸ್ವರಾಜ್ಯ ಬಯಸಿದ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿರುವ ಕೂಡ್ಲಿಗಿಯಂಥ ಊರು ಅದನ್ನು ಪ್ರಶ್ನಿಸಲೇಬೇಕು.

ಚೌಕಟ್ಟು: ಕಚೇರಿಯ ಹಿಂದೆ ನಡೆದ ತಾಲ್ಲೂಕುಗಳು
ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದವು, ಅಂದು ಬಳ್ಳಾರಿಯೊಡನೆ ಮೈಸೂರಿಗೆ ಸೇರಿದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ಬಳಿಕ ಬಳ್ಳಾರಿಗೆ ಮರಳಿತು. 2021ರಿಂದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಮಾತ್ರ ಬಳ್ಳಾರಿಯಲ್ಲೇ ಇದೆ. ತುಂಗಭದ್ರಾ ಗ್ರಾಮೀಣ ಬ್ಯಾಂಕಾಗಿ ಆರಂಭವಾದದ್ದು ಹಲವು ವಿಲೀನಗಳ ಬಳಿಕ 2025ರಿಂದ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ.

ಸಾಲದ ಗಂಟು

ಟೆಂಡರ್ ಎಷ್ಟೇ ಪಾರದರ್ಶಕವಾದರೂ ಒಂದು ಗಂಟು ಹಾಗೇ ಉಳಿಯುತ್ತದೆ. ಬಿತ್ತನೆಯ ಹೊತ್ತಿಗೆ ದಲಾಲಿ ಅಂಗಡಿಯಿಂದ ಮುಂಗಡ ಪಡೆದ ರೈತ ಸುಗ್ಗಿಯಲ್ಲಿ ಅದೇ ಅಂಗಡಿಯ ಮುಂದೆ ರಾಶಿ ಸುರಿಯಬೇಕು, ದರ ಒಪ್ಪದಿದ್ದರೆ ಮಾರದಿರುವ ಹಕ್ಕು ಅವನಿಗೆ ಕಾಗದದ ಮೇಲಷ್ಟೇ. ಬಿಳಿ ಚೀಟಿಯ ಮೇಲೆ ಬರೆದುಕೊಟ್ಟ ಲೆಕ್ಕವನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ. ಅಂಗಡಿಯವರು ಆಪತ್ತಿಗೆ ಆಗುವವರೆಂಬುದೂ ನಿಜವೇ. ಬ್ಯಾಂಕು ಬಾಗಿಲು ಹಾಕಿದ ಹೊತ್ತಿನಲ್ಲಿ ಆಸ್ಪತ್ರೆಗೆ ಹಣ ಕೊಡುವವರು ಅವರೇ.

2025ರ ನವೆಂಬರ್‌ನಲ್ಲಿ ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆ ಘೋಷಿತವಾಗಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು ರಾಜ್ಯದ ರೈತರು ಬೀದಿಗಿಳಿದರು. ಆಗ ತಡೆದು ಮಾರುವ ಶಕ್ತಿಯಿದ್ದವನು ಉಳಿದುಕೊಳ್ಳಬಲ್ಲ. ಆ ಶಕ್ತಿ ಕೊಡಬಲ್ಲ ಸಾಧನವೊಂದು ಕಾನೂನಿನಲ್ಲಿ ಈಗಾಗಲೇ ಇದೆ: 2017ರಿಂದ ಮಾನ್ಯ ಉಗ್ರಾಣಗಳು ನೀಡುವ ಇಲೆಕ್ಟ್ರಾನಿಕ್ ಉಗ್ರಾಣ ರಸೀದಿ. ಉಗ್ರಾಣದಲ್ಲಿಟ್ಟ ಮಾಲಿನ ಈ ಡಿಜಿಟಲ್ ರಸೀದಿಯನ್ನು ಅಡವಿಟ್ಟು ಸಾಲ ಪಡೆಯಬಹುದು, ಮಾಲನ್ನು ಜಾಗದಿಂದ ಕದಲಿಸದೆ ರಸೀದಿಯನ್ನೇ ಮಾರಬಹುದು, ಒಂದೇ ಮಾಲನ್ನು ಎರಡು ಕಡೆ ಅಡವಿಡುವ ಮೋಸಕ್ಕೂ ಅವಕಾಶವಿಲ್ಲ. ಹತ್ತು ಚೀಲದ ರೈತನಿಗೂ ಹೋಬಳಿ ಮಟ್ಟದಲ್ಲೇ ಇದು ಸಿಗುವಂತಾದರೆ ಮಾರುಕಟ್ಟೆಯ ಬಲಾಬಲ ಬದಲಾಗುತ್ತದೆ.

ಇನ್ನೊಂದು ಗಂಟು ಕಿರುಸಾಲದ್ದು. ವಸೂಲಿಯ ಕಿರುಕುಳ ಮಿತಿಮೀರಿದಾಗ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ವರ್ಷಗಟ್ಟಲೆ ವಾರದ ಕಂತು ತಪ್ಪದೆ ಕಟ್ಟಿದ ಹೆಣ್ಣುಮಗಳ ಪ್ರಾಮಾಣಿಕತೆಯ ದಾಖಲೆ ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆಯೇ ಹೊರತು ಅವಳ ಬಳಿ ಇರುವುದಿಲ್ಲ. ಪ್ರತಿ ಕಂತಿಗೂ ಡಿಜಿಟಲ್ ಸಹಿಯುಳ್ಳ ರಸೀದಿ ಅವಳ ಫೋನಿನಲ್ಲಿ ಉಳಿದರೆ, ಕಡಿಮೆ ಬಡ್ಡಿಯ ಬ್ಯಾಂಕಿನ ಮುಂದೆ ಅವಳೇ ಸಾಕ್ಷಿ ಒಯ್ಯಬಹುದು. 1985ರಲ್ಲಿ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ ಮತ್ತು ಚಾರ್ಲ್ಸ್ ರ್‍ಯಾಕೊಫ್ ರೂಪಿಸಿದ ಶೂನ್ಯಜ್ಞಾನ ಪುರಾವೆಯ ವಿಧಾನದಿಂದ, ಯಾರಿಂದ ಎಷ್ಟು ಸಾಲ ಪಡೆದಳೆಂಬುದನ್ನು ಹೇಳದೆಯೇ ಒಂದು ಕಂತೂ ತಪ್ಪಿಲ್ಲವೆಂಬುದನ್ನು ಮಾತ್ರ ಸಾಬೀತುಪಡಿಸಿ ತೋರಿಸಲೂಬಹುದು.

ಗಣಿತ ನಿಲ್ಲುವ ಜಾಗ

ಗಣಿತಕ್ಕೂ ಮೇರೆಯಿದೆ. ತಕ್ಕಡಿ ಸುಳ್ಳು ಹೇಳಿದರೆ ಖಾತೆ ಪುಸ್ತಕ ಆ ಸುಳ್ಳನ್ನೇ ಅಳಿಸಲಾಗದಂತೆ ಬರೆದಿಡುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ಬುಟ್ಟಿಗೆ ಎಂಥ ಗುರುತು ಅಂಟಿಸಿದರೂ ಮೊಗ್ಗು ಹಡಗಲಿಯದೇ ಎಂದು ಹೇಳಬೇಕಾದವರು ಮನುಷ್ಯರೇ. ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬೆಳೆಗಾರರಿಗಾಗಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯ ಪ್ರಯೋಗ ಆರಂಭಿಸಿದಾಗಲೂ ತೋಟದಲ್ಲಿ ಮೊದಲ ಅಂಕಿ ಬರೆಯುವ ಕೈಯೇ ಇಡೀ ಸರಪಳಿಯ ಆಧಾರವಾಗಿತ್ತು. ಬ್ಲಾಕ್‌ಚೈನ್ ಹೆಸರಿನಲ್ಲಿ ದುಪ್ಪಟ್ಟು ಹಣದ ಆಸೆ ತೋರಿಸುವವರಿಗೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲವೆಂಬುದನ್ನು ಊರೂರಿನಲ್ಲಿ ಹೇಳಬೇಕಾಗಿದೆ.

ಎಲ್ಲಕ್ಕಿಂತ ಕಠಿಣವಾದುದು ಕೀಲಿಯ ಪ್ರಶ್ನೆ. ಗುಪ್ತ ಕೀಲಿ ಕಳೆದರೆ ಹಣವೂ ಹಕ್ಕೂ ಹೋದಂತೆ. ಫೋನು ಕೆರೆಗೆ ಬಿದ್ದರೆ, ಮಗ ಕಸಿದುಕೊಂಡರೆ, ಓದು ಬಾರದ ಮುದುಕಿ ಏನು ಮಾಡಬೇಕು? ಇದಕ್ಕೂ ಉಪಾಯವಿದೆ. 1979ರಲ್ಲಿ ಇಸ್ರೇಲಿನ ಗಣಿತಜ್ಞ ಆದಿ ಶಮೀರ್ ಒಂದು ಗುಟ್ಟನ್ನು ಹತ್ತು ಪಾಲು ಮಾಡಿ ಹತ್ತು ಮಂದಿಗೆ ಹಂಚುವ, ಅವರಲ್ಲಿ ಯಾರಾದರೂ ನಾಲ್ವರು ಸೇರಿದರೆ ಮಾತ್ರ ಅದು ಮರಳಿ ಸಿಗುವ, ಮೂವರಿಗೆ ಏನೂ ತಿಳಿಯದ ವಿಧಾನವನ್ನು ಕಂಡುಹಿಡಿದನು.

ಹಳ್ಳಿಯ ಸ್ವಸಹಾಯ ಸಂಘಗಳಿಗೆ ಈ ನಡವಳಿಕೆ ಹೊಸದಲ್ಲ. ಸಂಘದ ಬ್ಯಾಂಕ್ ಖಾತೆಯಿಂದ ಹಣ ತೆಗೆಯಲು ಪ್ರತಿನಿಧಿಗಳ ಜಂಟಿ ಸಹಿ ಬೇಕು, ಒಬ್ಬಳ ಸಹಿ ನಡೆಯುವುದಿಲ್ಲ, ಪ್ರತಿ ಸಭೆಯಲ್ಲೂ ಲೆಕ್ಕ ಎಲ್ಲರಿಗೂ ಕೇಳುವಂತೆ ಓದಬೇಕು. ಹತ್ತು ಹೆಂಗಸರ ನಡುವೆ ಹಂಚಿದ ಕೀಲಿಯಿಂದ ಉಗ್ರಾಣ ರಸೀದಿಗೂ ಸಾಲದ ದಾಖಲೆಗೂ ಸಹಿ ಹಾಕಿಸುವುದು ಈ ಶಿಸ್ತಿನ ಮುಂದುವರಿಕೆಯಷ್ಟೇ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಮಾನ್ಯತೆ ಪಡೆದ ವಿಧಾನಗಳ ಸಹಿಗೆ ಮಾತ್ರ ಕಾನೂನಿನ ಬಲವಿದೆ. ಸಂಘದ ಹಂಚಿದ ಕೀಲಿಗೆ ಆ ಬಲ ಸಿಗಬೇಕಾದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಟೆಂಡರಿಗೆ ಹ್ಯಾಶ್ ಅಳವಡಿಸಲು ದೆಹಲಿಯನ್ನು ಕಾಯಬೇಕಿಲ್ಲ. ವೇದಿಕೆ ರಾಜ್ಯದ್ದು, ಮಾರುಕಟ್ಟೆ ಸಮಿತಿ ರಾಜ್ಯದ್ದು; ಮನಸ್ಸು ಮಾಡಿದರೆ ಮುಂದಿನ ಸುಗ್ಗಿಯ ಶೇಂಗಾ ಕೊಟ್ಟೂರಿಗೆ ಬರುವಷ್ಟರಲ್ಲಿ ಈ ಕೆಲಸ ಮುಗಿಯುತ್ತದೆ.